ಕೋಲಾರದ ಆಳದಲ್ಲಿ ಶಾಖದ ಪರೀಕ್ಷೆ: ಅಣುತ್ಯಾಜ್ಯ ನಿರ್ವಹಣೆಯ ಚರಿತ್ರೆಯ ಒಂದು ಅಧ್ಯಾಯ

ಕೋಲಾರ ಚಿನ್ನದ ಗಣಿಗಳ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಮೂರು ಸಂಗತಿಗಳಿಗೆ ಹೆಚ್ಚು ಗಮನ ನೀಡಿದ್ದಾರೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಆಗಮನ, 1902ರಲ್ಲಿ ಶಿವನಸಮುದ್ರದಿಂದ ಗಣಿಗಳಿಗೆ ಹರಿದ ವಿದ್ಯುತ್ತು ಹಾಗೂ ಕಾರ್ಮಿಕರ ಬವಣೆ, ಹೋರಾಟಗಳು. ಇವು ನ್ಯಾಯವಾಗಿಯೇ ಪ್ರಧಾನ ವಿಷಯಗಳು. ಆದರೆ ಚಿನ್ನದ ಇಳುವರಿ ಕುಸಿಯುತ್ತಿದ್ದ ಕೊನೆಯ ದಶಕಗಳಲ್ಲಿ ಇದೇ ಗಣಿಯ ಆಳದಲ್ಲಿ ನಡೆದ ಇನ್ನೊಂದು ಕಾರ್ಯವು ಚರಿತ್ರಕಾರರ ದೃಷ್ಟಿಗೆ ಅಷ್ಟಾಗಿ ಬಿದ್ದಿಲ್ಲ. ಅಣುಸ್ಥಾವರಗಳ ತ್ಯಾಜ್ಯವು ಹೊರಸೂಸುವ ಶಾಖವನ್ನು ಬಂಡೆಯು ಹೇಗೆ ತಾಳಿಕೊಳ್ಳುತ್ತದೆ ಎಂಬುದನ್ನು ಅರಿಯಲು 1980ರ ದಶಕದಲ್ಲಿ ಅಲ್ಲಿ ಕೈಗೊಂಡ ದೀರ್ಘ ಪ್ರಯೋಗವೇ ಆ ಕಾರ್ಯ.

ಅಣುತ್ಯಾಜ್ಯವೆಂದೊಡನೆ ಜನಸಾಮಾನ್ಯರ ಮನಸ್ಸಿಗೆ ಬರುವುದು ವಿಕಿರಣ. ಅದನ್ನು ನಿರ್ವಹಿಸುವವರಿಗೆ ಅಷ್ಟೇ ತೊಡಕಿನ ಸಂಗತಿಯೆಂದರೆ ಶಾಖ. ಸ್ಥಾವರವನ್ನು ನಿಲ್ಲಿಸಿದ ಕ್ಷಣದಲ್ಲಿಯೂ ಅದರ ಪೂರ್ಣ ಶಾಖದ ಶೇಕಡಾ 6ರಿಂದ 7ರಷ್ಟು ಇಂಧನದಲ್ಲಿ ಹುಟ್ಟುತ್ತಲೇ ಇರುತ್ತದೆ. ಒಂದು ದಿನದೊಳಗೆ ಅದು ಶೇಕಡಾ ಅರ್ಧದ ಆಸುಪಾಸಿಗೆ ಇಳಿಯುತ್ತದೆ. ಆಮೇಲಿನ ಇಳಿಕೆ ಬಲು ನಿಧಾನ. ಮೊದಲ ಕೆಲವು ನೂರು ವರ್ಷಗಳ ಶಾಖಕ್ಕೆ ಮುಖ್ಯ ಕಾರಣವಾದ ಸೀಸಿಯಂ-137 ಮತ್ತು ಸ್ಟ್ರಾಂಷಿಯಂ-90 ಎಂಬ ಎರಡು ಧಾತುಗಳ ಅರ್ಧಾಯುಷ್ಯ ಸರಿಸುಮಾರು 30 ವರ್ಷ. ಅಂದರೆ ಅವು ಸಾವಿರದ ಒಂದು ಪಾಲಿಗೆ ಇಳಿಯಲು 300 ವರ್ಷ ಬೇಕು. ಒಂದು ರಾಜವಂಶದ ಆಳ್ವಿಕೆಯಷ್ಟು ದೀರ್ಘ ಕಾಲ ಈ ಬೂದಿ ಬಿಸಿಯಾಗಿಯೇ ಇರುತ್ತದೆ.

ಈ ಶಾಖವನ್ನು ಅಲಕ್ಷಿಸಿದುದರ ಫಲವನ್ನು ಸೋವಿಯತ್ ಒಕ್ಕೂಟವು 1957ರ ಸೆಪ್ಟೆಂಬರ್ 29ರಂದು ಕಂಡಿತು. ಉರಲ್ ಪರ್ವತಗಳ ಬಳಿಯ ಮಾಯಾಕ್ ಕಾರ್ಖಾನೆಯಲ್ಲಿ ದ್ರವತ್ಯಾಜ್ಯದ ತೊಟ್ಟಿಯೊಂದರ ತಂಪುಗೊಳಿಸುವ ವ್ಯವಸ್ಥೆ ಕೆಟ್ಟಿತು. ನೀರು ಆವಿಯಾಗಿ, ತಳದಲ್ಲಿ ಉಳಿದ ಲವಣಗಳು ಕಾದು ಸ್ಫೋಟಿಸಿದವು. ಅಲ್ಲಿ ನಡೆದದ್ದು ಅಣುಸ್ಫೋಟವಲ್ಲ, ತ್ಯಾಜ್ಯದ ಸ್ವಂತ ಬಿಸಿಯಿಂದ ಉಂಟಾದ ರಾಸಾಯನಿಕ ಸ್ಫೋಟ. ಹಲವು ಹಳ್ಳಿಗಳು ಬರಿದಾದವು. ಅಲ್ಲಿಯ ಸರ್ಕಾರ ಇದನ್ನು ಬಹಿರಂಗವಾಗಿ ಒಪ್ಪಿಕೊಂಡದ್ದು 1989ರಲ್ಲಿ.

ಅದೇ ದೇಶವು ಅದೇ ಶಾಖವನ್ನು ಉಪಯೋಗಕ್ಕೂ ತಂದಿತು. ತ್ಯಾಜ್ಯದಿಂದ ಬೇರ್ಪಡಿಸಿದ ಸ್ಟ್ರಾಂಷಿಯಂ-90ರ ಬಿಸಿಯನ್ನು ನೇರವಾಗಿ ವಿದ್ಯುತ್ತಾಗಿ ಪರಿವರ್ತಿಸುವ ಸಾಧನಗಳನ್ನು ನಿರ್ಮಿಸಿ, ಉತ್ತರ ಧ್ರುವದ ಕರಾವಳಿಯ ನಿರ್ಜನ ದೀಪಸ್ತಂಭಗಳಲ್ಲಿ ಅಳವಡಿಸಲಾಯಿತು. ಕಾವಲುಗಾರನಿಲ್ಲದೆ, ಇಂಧನ ತುಂಬುವವನಿಲ್ಲದೆ ದೀಪ ವರ್ಷಾನುಗಟ್ಟಲೆ ಉರಿಯುತ್ತಿತ್ತು. ಒಕ್ಕೂಟ ಒಡೆದ ಮೇಲೆ ಅಂಥ ಸಾಧನಗಳಲ್ಲಿ ಕೆಲವು ವಾರಸುದಾರರಿಲ್ಲದೆ ಉಳಿದವು. 2001ರ ಡಿಸೆಂಬರಿನಲ್ಲಿ ಜಾರ್ಜಿಯಾ ದೇಶದ ಲಿಯಾ ಎಂಬ ಹಳ್ಳಿಯ ಬಳಿಯ ಕಾಡಿಗೆ ಸೌದೆಗಾಗಿ ಹೋದ ಮೂವರಿಗೆ ಸುತ್ತಲಿನ ಹಿಮ ಕರಗಿದ್ದ ಜಾಗದಲ್ಲಿ ಬಿಸಿಯಾದ ಎರಡು ಲೋಹದ ತುಂಡುಗಳು ದೊರೆತವು. ಚಳಿಗೆ ಅವುಗಳನ್ನೇ ಬೆನ್ನಿಗಿಟ್ಟುಕೊಂಡು ರಾತ್ರಿ ಕಳೆದರು. ಅವರಲ್ಲಿ ಒಬ್ಬನು 2004ರಲ್ಲಿ ತೀರಿಕೊಂಡನು. ತ್ಯಾಜ್ಯದ ಶಾಖ ಉಪಯುಕ್ತವೇ ಎಂಬ ಪ್ರಶ್ನೆಗೆ ತಾಂತ್ರಿಕ ಉತ್ತರ ಹೌದೆಂದೇ ಆದರೂ, ಅದನ್ನು ಕಾಯುವ ಆಡಳಿತ ಆ ಶಾಖದಷ್ಟು ಕಾಲ ಬಾಳುವುದೇ ಎಂಬುದು ಬೇರೆಯೇ ಪ್ರಶ್ನೆ.

ಆದುದರಿಂದ ಹೆಚ್ಚಿನ ದೇಶಗಳು ಶಾಖವನ್ನು ಬಳಸುವುದಕ್ಕಿಂತ ಅದನ್ನು ನೆಲದಾಳಕ್ಕೆ ಒಪ್ಪಿಸುವ ಮಾರ್ಗವನ್ನೇ ಹುಡುಕಿದವು. ಇಲ್ಲಿ ಕುತೂಹಲಕರವಾದ ಅಂಶವೆಂದರೆ, ಈ ಹುಡುಕಾಟ ಮೊದಲು ಹೊಕ್ಕದ್ದು ಕೈಬಿಟ್ಟ ಗಣಿಗಳನ್ನು. ಅಮೆರಿಕದಲ್ಲಿ ಕ್ಯಾನ್ಸಾಸ್ ಪ್ರಾಂತದ ಲಯನ್ಸ್ ಊರಿನ ಉಪ್ಪಿನ ಗಣಿಯಲ್ಲಿ 1965ರಿಂದ 1967ರವರೆಗೆ ಬಳಸಿದ ಇಂಧನವನ್ನೇ ಇರಿಸಿ ಪರೀಕ್ಷಿಸಲಾಯಿತು. ಪರೀಕ್ಷೆ ಫಲಕಾರಿಯಾಯಿತೆಂದು ಅಲ್ಲಿಯೇ ಶಾಶ್ವತ ಭಂಡಾರ ನಿರ್ಮಿಸಲು ಹೊರಟಾಗ ಸುತ್ತಲೂ ಹಳೆಯ ಕೊಳವೆಬಾವಿಗಳಿರುವುದು ತಿಳಿದುಬಂದು, ಪ್ರಾಂತದ ಜನರ ವಿರೋಧವೂ ಸೇರಿ, 1970ರ ದಶಕದ ಆರಂಭದಲ್ಲಿ ಯೋಜನೆಯನ್ನು ಕೈಬಿಡಬೇಕಾಯಿತು. ಸ್ವೀಡನ್ನಿನ ಸ್ಟ್ರೀಪಾ ಕಬ್ಬಿಣದ ಗಣಿಯಲ್ಲಿ 1977ರಿಂದ ನಡೆದ ಪ್ರಯೋಗಗಳಲ್ಲಿ ತ್ಯಾಜ್ಯದ ಬದಲು ವಿದ್ಯುತ್ ತಾಪಕಗಳನ್ನು ಗ್ರಾನೈಟಿನೊಳಗೆ ಹುದುಗಿಸಿ ಬಂಡೆಯ ಬಿರುಕು, ಹಿಗ್ಗುವಿಕೆ, ನೀರಿನ ಚಲನೆಗಳನ್ನು ಅಳೆಯಲಾಯಿತು.

ಕೋಲಾರದ ಪ್ರಯೋಗ ಈ ಎರಡನೆಯ ಮಾದರಿಯದು. ಈ ಗಣಿಗಳಿಗೆ ವಿಜ್ಞಾನಿಗಳು ಹೊಸಬರೇನಲ್ಲ. 1965ರಲ್ಲಿ ವಾಯುಮಂಡಲದ ನ್ಯೂಟ್ರಿನೋ ಕಣಗಳ ಕುರುಹು ದೊರೆತದ್ದೂ, ಬಳಿಕ ಪ್ರೋಟಾನಿನ ಕ್ಷಯವನ್ನು ಅರಸಿದ್ದೂ ಇಲ್ಲಿಯ ಪಾತಾಳದಲ್ಲಿಯೇ. ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರವು ಗಣಿಯ ಕೈಬಿಟ್ಟ ಭಾಗವೊಂದರಲ್ಲಿ, ಸುಮಾರು 1,000 ಮೀಟರ್ ಆಳದ ಕೋಣೆಯಲ್ಲಿ, ಆಂಫಿಬೊಲೈಟ್ ಎಂಬ ಕರಿಯ ಗಡಸು ಬಂಡೆಯನ್ನು ಕೃತಕವಾಗಿ ಕಾಯಿಸಿ ಎಂಟು ವರ್ಷಗಳ ಕಾಲ ಅದರ ವರ್ತನೆಯನ್ನು ದಾಖಲಿಸಿತು. ಕಾಯಿಸಿದ ಬಂಡೆ ಹಿಗ್ಗುತ್ತದೆ. ಹಿಗ್ಗಲು ಎಡೆಯಿಲ್ಲದಾಗ ಒಳಗೆ ಒತ್ತಡ ಹೆಚ್ಚುತ್ತದೆ. ಒತ್ತಡ ಮಿತಿಮೀರಿದರೆ ಬಿರುಕು, ಬಿರುಕಿನಲ್ಲಿ ನೀರು. ತ್ಯಾಜ್ಯದ ಪಾತ್ರೆಗಳನ್ನು ಎಷ್ಟು ಅಂತರದಲ್ಲಿ ಇಡಬೇಕು, ಹೂಳುವ ಮುನ್ನ ಎಷ್ಟು ವರ್ಷ ಮೇಲೆಯೇ ಆರಲು ಬಿಡಬೇಕು ಎಂಬ ಲೆಕ್ಕಗಳೆಲ್ಲ ಈ ಸರಪಳಿಯನ್ನು ಅವಲಂಬಿಸಿವೆ. ಕಾಗದದ ಮೇಲಿನ ಗಣಿತದ ಮಾದರಿಗಳನ್ನು ನೈಜ ಬಂಡೆಯೊಡನೆ ತಾಳೆನೋಡುವುದು ಪ್ರಯೋಗದ ಗುರಿ. ಬಂಡೆಯ ಬಿಸಿ ಮತ್ತು ಒತ್ತಡಗಳನ್ನು ಇಲ್ಲಿಯ ಕಾರ್ಮಿಕರು ಉಪಕರಣಗಳಿಲ್ಲದೆಯೇ ಅರಿತವರು. ಚಾಂಪಿಯನ್ ರೀಫ್ ಗಣಿಯ 3 ಕಿಲೋಮೀಟರಿಗೂ ಮೀರಿದ ತಳದಲ್ಲಿ ಬಂಡೆಯ ತಾಪ 60 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಬಂಡೆ ಸಿಡಿದು ಸತ್ತವರ ಮನೆಗಳು ಊರಿನ ಸಾಲುಮನೆಗಳಲ್ಲಿ ಅಲ್ಲಲ್ಲಿ ಇದ್ದವು.

ಇತ್ತ ಮೇಲಿನ ನೆಲದಲ್ಲಿ ತ್ಯಾಜ್ಯವನ್ನು ಗಾಜಿನೊಡನೆ ಕರಗಿಸಿ ಉಕ್ಕಿನ ಪಾತ್ರೆಗಳಲ್ಲಿ ಹೆಪ್ಪುಗಟ್ಟಿಸುವ ಕಾರ್ಯ ತಾರಾಪುರದಲ್ಲಿ ಆರಂಭವಾಗಿ, ಮುಂದೆ ಟ್ರಾಂಬೆ, ಕಲ್ಪಾಕಂಗಳಿಗೂ ವಿಸ್ತರಿಸಿತು. ತಾರಾಪುರದ ಸಂಗ್ರಹಾಗಾರದ ರಚನೆ ಇಲ್ಲಿ ವಿಶೇಷವಾಗಿ ಉಲ್ಲೇಖನೀಯ. ಪಾತ್ರೆಗಳ ಬಿಸಿಯಿಂದಲೇ ಕಾದ ಗಾಳಿ ಎತ್ತರದ ಚಿಮಣಿಯ ಮೂಲಕ ಮೇಲೇರುತ್ತದೆ. ಆ ಸೆಳೆತಕ್ಕೆ ಕೆಳಗಿನಿಂದ ತಂಪು ಗಾಳಿ ಒಳಬರುತ್ತದೆ. ಬೀಸಣಿಗೆಯೂ ಬೇಡ, ವಿದ್ಯುತ್ತೂ ಬೇಡ. ಉಳಿಕೆ ಶಾಖಕ್ಕೆ ಈ ದೇಶದಲ್ಲಿ ದೊರೆತ ಅತ್ಯಂತ ವಿನಯದ, ಬಹುಶಃ ಅತ್ಯಂತ ವಿವೇಕದ ಉಪಯೋಗ ಇದೇ: ತನ್ನನ್ನು ತಾನೇ ತಣಿಸಿಕೊಳ್ಳುವುದು.

2001ರ ಫೆಬ್ರವರಿ 28ರಂದು ಕೋಲಾರದ ಗಣಿಗಳು ಮುಚ್ಚಿದವು. ನೀರೆತ್ತುವ ಕೆಲಸ ನಿಂತು ಸುರಂಗಗಳಲ್ಲಿ ನೀರು ತುಂಬತೊಡಗಿತು. 2012ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಕೂಡಂಕುಳಂ ಮೊಕದ್ದಮೆಯ ವಿಚಾರಣೆ ನಡೆದಾಗ, ತ್ಯಾಜ್ಯವನ್ನು ಇಡುವ ಸ್ಥಳವಾಗಿ ಈ ಗಣಿಗಳ ಹೆಸರು ಕೇಳಿಬಂದಿತು. ಕೋಲಾರ ಜಿಲ್ಲೆಯಲ್ಲಿ ಪ್ರತಿಭಟನೆಗಳು ಭುಗಿಲೆದ್ದವು. ಅಂಥ ಯೋಜನೆಯಿಲ್ಲವೆಂದು ಸರ್ಕಾರದ ಕಡೆಯಿಂದ ಸ್ಪಷ್ಟನೆ ಬಂದಿತು. ಜನರ ಅಂಜಿಕೆಯನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ, ಆದರೆ ಅದು ಸರಿಯಾಗದು. ಪ್ರಯೋಗಕ್ಕೆ ಬೇಕಾದದ್ದು ಕೇವಲ ತಲುಪಬಹುದಾದ ಬಂಡೆ. ಭಂಡಾರಕ್ಕೆ ಬೇಕಾದದ್ದು ತೂತಿಲ್ಲದ, ನೀರಿಲ್ಲದ ಬಂಡೆ. ನೂರಿಪ್ಪತ್ತು ವರ್ಷ ಅಗೆದು ಜೇನುಗೂಡಿನಂತಾದ ನೆಲ ಆ ಎರಡನೆಯದಕ್ಕೆ ತಕ್ಕುದಲ್ಲ. ಈ ಸರಳ ವ್ಯತ್ಯಾಸವನ್ನು ಊರವರ ಮುಂದೆ ಕನ್ನಡದಲ್ಲಿಯೋ ತಮಿಳಿನಲ್ಲಿಯೋ ಕಾಲಕ್ಕೆ ಸರಿಯಾಗಿ ಹೇಳಿದ್ದರೆ ಆ ನವೆಂಬರ್ ಬೇರೆಯಾಗಿರುತ್ತಿತ್ತೇನೋ. ಮೇಲಾಗಿ, ಚಿನ್ನ ತೆಗೆದುಳಿದ 3 ಕೋಟಿ ಟನ್ನಿಗೂ ಮಿಕ್ಕ ಸಯನೈಡ್ ಗುಡ್ಡಗಳ ಧೂಳನ್ನು ಪ್ರತಿ ಬೇಸಿಗೆಯಲ್ಲಿ ಉಸಿರಾಡುತ್ತ ಬಂದವರು ಅವರು. ಗಣಿ ಮುಚ್ಚಿದಾಗ ಒಂದು ತ್ಯಾಜ್ಯವನ್ನು ಅವರಂಗಳದಲ್ಲಿಯೇ ಬಿಟ್ಟುಹೋಗಲಾಗಿತ್ತು.