ಕಾಣಿಕೆಯೂ ಹೊಣೆಯೂ

ರೋಣ, ನರಗುಂದ, ಗಜೇಂದ್ರಗಡಗಳ ಕಡೆ ದಾನದ ಮಾತು ಬಂದರೆ ಜನರ ನೆನಪಿಗೆ ಮೊದಲು ಬರುವುದು ಮಠದ ದಾಸೋಹ. ತನು, ಮನ, ಧನ ಮೂರನ್ನೂ ಒಪ್ಪಿಸಿದಾಗಲೇ ಕೊಟ್ಟದ್ದು ಕೊಟ್ಟಂತೆ ಎಂಬ ಭಾವನೆ ಆ ಎರೆಭೂಮಿಯಲ್ಲಿ ಶರಣರ ಕಾಲದಿಂದ ಬೇರುಬಿಟ್ಟಿದೆ. ಕ್ರೈಸ್ತರು ಇದನ್ನೇ ಬೇರೊಂದು ರೀತಿಯಲ್ಲಿ ಹೇಳುತ್ತಾರೆ. ಆಸ್ತಿ ದೇವರದು; ಮನುಷ್ಯನು ಅದರ ಒಡೆಯನಲ್ಲ, ಬರಿಯ ಮನೆವಾರ್ತೆಯವನು; ಒಂದು ದಿನ ಲೆಕ್ಕ ಒಪ್ಪಿಸಬೇಕಾದವನು. ಕನ್ನಡ ಬೈಬಲ್ಲಿನ ಈ 'ಮನೆವಾರ್ತೆ' ಎಂಬ ಮಾತು ಎಷ್ಟು ಅಚ್ಚುಕಟ್ಟಾದದ್ದು!

ಈ ಭಾವನೆ ಗದಗಿನ ಸೀಮೆಗೆ ಎರಡು ದಾರಿಗಳಿಂದ ಬಂದಿತು. ಒಂದನ್ನು ಎಲ್ಲರೂ ಬಲ್ಲರು. ಇನ್ನೊಂದು ಕ್ರೈಸ್ತರ ಹೆಸರು ಹೊತ್ತು ಬರಲಿಲ್ಲವಾದ್ದರಿಂದ ಅದನ್ನು ಯಾರೂ ಈ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮೊದಲನೆಯದು ಬಾಸೆಲ್ ಮಿಷನ್ನಿನ ದಾರಿ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಈ ಪಾದ್ರಿಗಳು 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ ಹೀಗೆ ಒಳನಾಡಿಗೆ ನಡೆದರು. ಇವರ ಬೆನ್ನಿಗೆ ಯಾವುದೋ ದೊಡ್ಡ ಖಜಾನೆ ಇದ್ದಿರಬೇಕೆಂದು ನಾವು ಎಣಿಸುತ್ತೇವೆ. ಬಾಸೆಲ್ ನಗರದ ಶ್ರೀಮಂತರು ಕೊಟ್ಟದ್ದೇನೋ ನಿಜ. ಆದರೆ 1855ರಲ್ಲಿ ಕಾರ್ಲ್ ಸಾರಾಸಿನ್ ಎಂಬ ರೇಷ್ಮೆ ಪಟ್ಟಿಯ ಕಾರಖಾನೆದಾರನು ಒಂದು ಹೊಸ ಏರ್ಪಾಡು ಮಾಡಿದನು: ವಾರಕ್ಕೆ ಅರ್ಧ ಬಾಟ್ಸೆನ್, ಅಂದರೆ ಐದೇ ಐದು ರಾಪೆನ್ ಕಾಣಿಕೆ. ಸ್ವಿಟ್ಜರ್ಲೆಂಡಿನಲ್ಲಿ ಹೊಸ ಫ್ರಾಂಕ್ ಬಂದು ಬಾಟ್ಸೆನ್ ನಾಣ್ಯದ ಕಾಲ ಆಗಲೇ ತೀರಿತ್ತು. ಹೆಸರು ಮಾತ್ರ ಉಳಿಯಿತು. ಕೂಲಿಯವರು, ಮನೆಗೆಲಸದವರು, ಸಣ್ಣ ರೈತರು ಕೊಡಬಹುದಾದಷ್ಟೇ ಮೊತ್ತವದು. ಆ ಚಿಲ್ಲರೆಯೇ ಮುಂದೆ ಮಿಷನ್ನಿನ ದೊಡ್ಡ ಆಧಾರಗಳಲ್ಲೊಂದಾಯಿತು. ಸಿರಿವಂತರ ಹೊನ್ನಿಗಿಂತ ಬಡ ವಿಧವೆಯ ಎರಡು ಕಾಸು ಹೆಚ್ಚೆಂದು ಏಸು ಹೇಳಿದ ಕಥೆಯನ್ನು ಆ ಜನ ಅಕ್ಷರಶಃ ನಂಬಿದ್ದರು.

ಪಡೆದವರ ಕಥೆ ಇಷ್ಟು ಸರಳವಲ್ಲ. 1840ರ ಸುಮಾರಿಗೆ ಕಾಲಜ್ಞಾನದ ಮಾತುಗಳನ್ನು ನಂಬಿದ ಒಂದು ಗುಂಪಿನವರು ಪಾದ್ರಿಗಳ ಬಳಿಗೆ ಬಂದರು. ಸಾವಿರಾರು ಜನ ಕ್ರೈಸ್ತರಾಗುತ್ತಾರೆಂದು ಪಾದ್ರಿಗಳು ಹಿಗ್ಗಿದರು. ಗದಗಿನ ಹತ್ತಿರದ ಮಲಸಮುದ್ರದಲ್ಲಿ ಅವರಿಗಾಗಿ ಒಂದು ಬೇಸಾಯದ ನೆಲೆಯನ್ನೇ ಹೂಡಿದರು. ನೆಲೆಯಾಯಿತು, ಜನ ಬರಲಿಲ್ಲ. ಹೊಲ ಕೊಡುವವನ ಮನಸ್ಸಿನಲ್ಲಿ ಒಂದು ನಿರೀಕ್ಷೆ, ಕೊಳ್ಳುವವನ ಮನಸ್ಸಿನಲ್ಲಿ ಇನ್ನೊಂದು. ತನ್ನನ್ನೇ ಒಪ್ಪಿಸಿಕೊಳ್ಳುವುದು ಕೊಡುವವನ ಧರ್ಮ. ಪಡೆಯುವವನಿಂದ ಅದನ್ನು ನಿರೀಕ್ಷಿಸಿದರೆ ಕಾಣಿಕೆ ವ್ಯವಹಾರವಾಗುತ್ತದೆ. ಹಾಗೆಂದು ಮತಾಂತರವೆಲ್ಲ ಲಾಭದ ಆಸೆಯಿಂದಲೇ ಆಯಿತೆನ್ನುವುದೂ ಸಲ್ಲದು. 1850ರ 21ನೆಯ ಕಾಯಿದೆ ಬರುವ ಮುನ್ನ ಧರ್ಮ ಬಿಟ್ಟವನಿಗೆ ಹಿಂದೂ ಶಾಸ್ತ್ರದಂತೆ ಪಿತ್ರಾರ್ಜಿತದ ಪಾಲು ತಪ್ಪುವ ಭಯವಿತ್ತು. ಅಂಥವನು ಕಾಣಿಕೆ ಪೆಟ್ಟಿಗೆಗೆ ಕಾಸು ಹಾಕುವ ಮುನ್ನವೇ ತನ್ನ ಮನೆ ಹೊಲಗಳನ್ನು ಪಣಕ್ಕಿಟ್ಟಿದ್ದನು.

ಇನ್ನು ಎರಡನೆಯ ದಾರಿ. ಜರ್ಮನಿಯ ವೆಸ್ಟರ್‌ವಾಲ್ಡ್ ಗುಡ್ಡಸೀಮೆಯಲ್ಲಿ ಫ್ರೀಡ್ರಿಕ್ ವಿಲ್ಹೆಲ್ಮ್ ರಾಯ್ಫೈಜೆನ್ (1818-1888) ಎಂಬ ದೈವಭಕ್ತ ಊರಾಧ್ಯಕ್ಷನಿದ್ದನು. 1846-47ರ ಬರದ ಚಳಿಗಾಲದಲ್ಲಿ ಆತ ಉಳ್ಳವರಿಂದ ಹಣ ಕೂಡಿಸಿ ಬಡವರಿಗೆ ರೊಟ್ಟಿ ಒದಗಿಸಿದನು. ಉಳ್ಳವರ ದಾನವನ್ನೇ ನಂಬಿದ ಸಂಘಗಳನ್ನು ಹತ್ತಾರು ವರ್ಷ ನಡೆಸಿದ ಮೇಲೆ ಅವನಿಗೆ ಒಂದು ಮಾತು ಹೊಳೆಯಿತು: ಉಳ್ಳವರ ಉತ್ಸಾಹ ತಣ್ಣಗಾದರೆ ದಾನವೂ ತಣ್ಣಗಾಗುತ್ತದೆ. 1864ರಲ್ಲಿ ಹೆಡೆಸ್‌ಡಾರ್ಫಿನಲ್ಲಿ ಅವನು ಕಟ್ಟಿದ ಸಾಲದ ಸಂಘದಲ್ಲಿ ಸಾಲ ಬೇಕಾದವರೇ ಸದಸ್ಯರಾದರು. ಸಂಘದ ಸಾಲಕ್ಕೆ ಪ್ರತಿಯೊಬ್ಬನೂ ತನ್ನ ಇಡೀ ಆಸ್ತಿಯೊಡನೆ ಹೊಣೆಯಾದನು.

ಮದರಾಸಿನ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಯುರೋಪಿನ ಇಂಥ ಸಂಘಗಳನ್ನು ಅಭ್ಯಸಿಸಿ 1895 ಮತ್ತು 1897ರಲ್ಲಿ ವರದಿ ಕೊಟ್ಟನು. ರಾಯ್ಫೈಜೆನನ ಪದ್ಧತಿಯೇ ಈ ದೇಶದ ಹಳ್ಳಿಗೆ ಬೇಕಾದದ್ದೆಂಬುದು ಅವನ ಮತ. 1904ರಲ್ಲಿ ಸಹಕಾರಿ ಸಾಲ ಸಂಘಗಳ ಕಾಯಿದೆಯಾಯಿತು. ಮರುವರ್ಷವೇ, 1905ರಲ್ಲಿ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಮುಂಬಯಿ ಪ್ರಾಂತದ ಮೊದಲ ಸಂಘವನ್ನು ಕಟ್ಟಿದರು. ದೇಶದಲ್ಲೇ ಮೊದಲನೆಯವುಗಳ ಸಾಲಿನಲ್ಲಿ ಅದು ನಿಲ್ಲುತ್ತದೆ.

ಗೌಡರು ಕ್ರೈಸ್ತರಲ್ಲ, ಕಾಯಿದೆಯಲ್ಲಿ ಕ್ರಿಸ್ತನ ಹೆಸರೂ ಇಲ್ಲ. ಆದರೆ ಅದರ ತಿರುಳನ್ನು ನೋಡಿರಿ. ಹಳ್ಳಿಯ ಸಂಘಕ್ಕೆ ಅಪರಿಮಿತ ಹೊಣೆ. ನೆರೆಯವನ ಸಾಲ ಮುಳುಗಿ ಸಂಘ ಮುರಿದರೆ ನನ್ನ ಎತ್ತು, ನನ್ನ ಹೊಲಗಳಿಗೂ ಕುತ್ತು. ಲಾಭ ಬಂದರೆ ಹಂಚಿಕೊಳ್ಳುವಂತಿಲ್ಲ, ಕಾಯ್ದಿಟ್ಟ ನಿಧಿಗೆ ಸೇರಬೇಕು. ಏನೂ ಇಲ್ಲದವನು ಕಳೆದುಕೊಳ್ಳುವುದೇನೂ ಇಲ್ಲ. ನೂರು ಕೂರಿಗೆ ಹೊಲವಿದ್ದವನಿಗೆ ಕುತ್ತು ದೊಡ್ಡದು. ಅಂಥವನೂ ಬಡವನ ಪಕ್ಕದಲ್ಲಿ ಕೂತು ಅದೇ ಕಾಗದಕ್ಕೆ ರುಜು ಹಾಕಬೇಕು. 1876-78ರ ಬರವನ್ನು ಕಂಡಿದ್ದ, ಒಂದು ಮಳೆ ತಪ್ಪಿದರೆ ಸಾಹುಕಾರನ ಕಟ್ಟೆ ಹತ್ತಬೇಕಾಗಿದ್ದ ನಾಡಿನಲ್ಲಿ ಇದು ಸಣ್ಣ ಧೈರ್ಯವಲ್ಲ. ನನಗಂತೂ ಬೆಟಗೇರಿಯ ಕಾಣಿಕೆಗಿಂತ ಕಣಗಿನಹಾಳದ ರುಜುವೇ ಮನೆವಾರ್ತೆಯ ಅರ್ಥಕ್ಕೆ ಹತ್ತಿರವೆನ್ನಿಸುತ್ತದೆ.

ಮುಂದೆ ರೋಣ ನರಗುಂದಗಳ ಹಳ್ಳಿಗಳಲ್ಲೂ ಸಹಕಾರಿ ಸಂಘಗಳು ಹಬ್ಬಿದವು. 1954ರಲ್ಲಿ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ಸಮಿತಿಯು, ಅಪರಿಮಿತ ಹೊಣೆಯನ್ನು ಬಿಟ್ಟು ಪರಿಮಿತ ಹೊಣೆಯ ದೊಡ್ಡ ಸಂಘಗಳನ್ನು ಕಟ್ಟಬೇಕೆಂದು ಸಲಹೆಮಾಡಿತು. ವ್ಯವಹಾರದ ದೃಷ್ಟಿಯಿಂದ ಅದು ಸರಿಯೇ ಇದ್ದೀತು. ಆ ಬಗೆಯ ಸಂಘಗಳಲ್ಲಿ ಸದಸ್ಯನ ಹೊಣೆ ಅವನು ಕೊಂಡ ಷೇರಿನ ಬೆಲೆಗೆ ನಿಂತಿತು.