ಭವಿಷ್ಯ ಕಂಡವರು ಮತ್ತು ಇಪ್ಪತ್ತರಲ್ಲಿ ಒಂದರ ಲೆಕ್ಕ

ಕಂಪ್ಯೂಟರಿನಲ್ಲಿ ಎರಡು ಪರದೆಗಳು ಕಾಣುತ್ತವೆ. ಒಂದರ ಹಿಂದೆ ಚಿತ್ರವಿದೆ, ಇನ್ನೊಂದರ ಹಿಂದೆ ಬರಿಯ ಗೋಡೆ. ಚಿತ್ರ ಎಲ್ಲಿದೆಯೆಂದು ವಿದ್ಯಾರ್ಥಿ ಊಹಿಸಬೇಕು. ವಿಚಿತ್ರವೆಂದರೆ, ಅದು ಎಲ್ಲಿರಬೇಕೆಂದು ಕಂಪ್ಯೂಟರ್ ನಿರ್ಧರಿಸುತ್ತಿದ್ದುದು ಆತ ಉತ್ತರ ಕೊಟ್ಟ ಮೇಲೆ!

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಡ್ಯಾರಿಲ್ ಬೆಮ್ 100 ವಿದ್ಯಾರ್ಥಿಗಳನ್ನು ಹೀಗೆ ಪರೀಕ್ಷಿಸಿದರು. ಶೃಂಗಾರದ ಚಿತ್ರಗಳ ಮಟ್ಟಿಗೆ ಶೇ 53.1ರಷ್ಟು ಊಹೆಗಳು ಸರಿಯಾದವು. ನಾಣ್ಯ ಚಿಮ್ಮಿ ಹೇಳಿದ್ದರೆ ಸುಮಾರು ಶೇ 50 ಸರಿಯಾಗಬೇಕಿತ್ತು. ಮನುಷ್ಯನಿಗೆ ಭವಿಷ್ಯ ಗೋಚರಿಸುತ್ತದೆಂದು ಸೂಚಿಸುವ ಇಂಥ ಒಂಬತ್ತು ಪ್ರಯೋಗಗಳ ವರದಿ 2011ರಲ್ಲಿ ಆ ಕ್ಷೇತ್ರದ ಪ್ರತಿಷ್ಠಿತ ನಿಯತಕಾಲಿಕದಲ್ಲಿ ಅಚ್ಚಾಯಿತು. ಸಂಶೋಧಕರಿಗೆ ಇಕ್ಕಟ್ಟು. ಬೆಮ್ ಬಳಸಿದ್ದು ಅವರೆಲ್ಲ ಬಳಸುತ್ತಿದ್ದ ಅಳತೆಗೋಲನ್ನೇ.

ಆ ಅಳತೆಗೋಲನ್ನು ಜನಪ್ರಿಯಗೊಳಿಸಿದವರು ಇಂಗ್ಲೆಂಡಿನ ರೊನಾಲ್ಡ್ ಫಿಷರ್, 1925ರ ತಮ್ಮ ಪುಸ್ತಕದಲ್ಲಿ. ಮೊದಲು 'ಏನೂ ಪರಿಣಾಮವಿಲ್ಲ' ಎಂದು ಊಹಿಸಿಕೊಳ್ಳಬೇಕು. ಇದೇ ಶೂನ್ಯ ಪ್ರಾಕ್ಕಲ್ಪನೆ. ಆ ಊಹೆ ನಿಜವಾಗಿದ್ದರೆ ಈಗ ಸಿಕ್ಕಂಥ, ಅಥವಾ ಅದಕ್ಕಿಂತ ಅತಿಯಾದ ಫಲಿತಾಂಶ ಇಪ್ಪತ್ತರಲ್ಲಿ ಒಂದು ಸಲಕ್ಕಿಂತ ಕಡಿಮೆ ಬರುವಂತಿದ್ದರೆ, ಊಹೆಯನ್ನು ಕೈಬಿಡಬಹುದು.

ತೊಡಕು ಇರುವುದು ಇಲ್ಲಿಯೇ. ಮಳೆ ಬಂದರೆ ರಸ್ತೆ ಒದ್ದೆಯಾಗುತ್ತದೆ ನಿಜ. ಆದರೆ ರಸ್ತೆ ಒದ್ದೆಯಾದಾಗಲೆಲ್ಲ ಮಳೆ ಬಂದಿದೆ ಎನ್ನಲಾಗದು, ನೀರಿನ ಟ್ಯಾಂಕರ್ ಹೋಗಿರಬಹುದು. ಫಿಷರ್ ಪರೀಕ್ಷೆ ಹೇಳುವುದು ಊಹೆ ನಿಜವಾಗಿದ್ದರೆ ಫಲಿತಾಂಶ ಎಷ್ಟು ಅಪರೂಪ ಎಂಬುದನ್ನು. ಊಹೆ ನಿಜವಾಗಿರುವ ಸಂಭವ ಎಷ್ಟೆಂಬುದನ್ನು ಅದು ಹೇಳದು. ಓದುವವರು ಮಾತ್ರ ಎರಡನೆಯದನ್ನೇ ತಿಳಿದುಕೊಳ್ಳುತ್ತಾರೆ.

ಎರಡನೆಯ ಪ್ರಶ್ನೆಗೆ ದಾರಿ ತೋರಿದವರು ಥಾಮಸ್ ಬೇಸ್ ಎಂಬ ಪಾದ್ರಿ. ಅವರು 1761ರಲ್ಲಿ ತೀರಿಕೊಂಡ ಬಳಿಕ ಸ್ನೇಹಿತ ರಿಚರ್ಡ್ ಪ್ರೈಸ್ ಅವರ ಪ್ರಬಂಧವನ್ನು 1763ರಲ್ಲಿ ಪ್ರಕಟವಾಗುವಂತೆ ಮಾಡಿದರು. ಎರಡು ಊಹೆಗಳನ್ನೂ ತಕ್ಕಡಿಗೆ ಹಾಕಿ, ಕಂಡ ಫಲಿತಾಂಶವನ್ನು ಯಾವುದು ಹೆಚ್ಚು ಚೆನ್ನಾಗಿ ನಿರೀಕ್ಷಿಸಿತ್ತೆಂದು ತೂಗುವ ಕ್ರಮವನ್ನು ಹೆರಾಲ್ಡ್ ಜೆಫ್ರೀಸ್ 1939ರ ಗ್ರಂಥದಲ್ಲಿ ವಿಸ್ತರಿಸಿದರು. ಹೀಗೆ ತೂಗಿದರೆ 'ಪರಿಣಾಮವಿಲ್ಲ' ಎಂಬುದಕ್ಕೂ ಸಾಕ್ಷ್ಯ ಸಿಗಬಹುದು. ಫಿಷರ್ ಪರೀಕ್ಷೆಯಲ್ಲಿ ಅದಕ್ಕೆ ಎಡೆಯಿಲ್ಲ.

ಬೆಮ್ ವರದಿಯಿದ್ದ ಸಂಚಿಕೆಯಲ್ಲೇ ಆಮ್ಸ್ಟರ್‌ಡ್ಯಾಮಿನ ಎರಿಕ್-ಯಾನ್ ವಾಗನ್‌ಮೇಕರ್ಸ್ ಮತ್ತು ಸಂಗಡಿಗರು ಅದೇ ಅಂಕಿಗಳನ್ನು ಈ ತಕ್ಕಡಿಗೆ ಹಾಕಿದರು. ಹತ್ತು ಪರೀಕ್ಷೆಗಳಲ್ಲಿ ಒಂದು ಮಾತ್ರ ಬೆಮ್ ಪರ ಗಟ್ಟಿಯಾಗಿ ನಿಂತಿತು. ಮೂರು ವಿರುದ್ಧ ಹೋದವು. ಆರು ಯಾವ ಕಡೆಗೂ ಹೆಚ್ಚು ವಾಲಲಿಲ್ಲ.

ಬೆಮ್ ಸುಮ್ಮನಿರಲಿಲ್ಲ. ಸಂಖ್ಯಾಶಾಸ್ತ್ರಜ್ಞರಾದ ಜೆಸ್ಸಿಕಾ ಅಟ್ಸ್ ಮತ್ತು ವೆಸ್ಲಿ ಜಾನ್ಸನ್ ಜೊತೆಗೂಡಿ, ಪರಿಣಾಮ ಎಷ್ಟು ದೊಡ್ಡದಿರಬಹುದೆಂಬ ಎದುರಾಳಿಗಳ ಮುಂಚಿನ ಅಂದಾಜೇ ತಪ್ಪೆಂದರು; ಅದನ್ನು ಬದಲಿಸಿ ಬೇಸ್ ಲೆಕ್ಕದಲ್ಲೇ ತಮ್ಮ ಪರ ಉತ್ತರ ಪಡೆದರು. ಆಕ್ಷೇಪ ಹುರುಳಿಲ್ಲದ್ದೇನಲ್ಲ: ಆ ಅಂದಾಜು ಯಾರದಾಗಿರಬೇಕೆಂಬ ಜಗಳ ಹಳೆಯದು. ಆದರೂ ಇಲ್ಲಿ ಆ ಅಂದಾಜು ಎಲ್ಲರ ಕಣ್ಣೆದುರಿಗಿತ್ತು, ಅದರ ಮೇಲೆ ವಾದ ಮಾಡಬಹುದಿತ್ತು.

2012ರಲ್ಲಿ ಬೇರೊಂದು ತಂಡ ಬೆಮ್ ಅವರ ನೆನಪಿನ ಪ್ರಯೋಗಗಳನ್ನು ಏಳು ಸಲ, ಒಟ್ಟು 3,289 ಜನರ ಮೇಲೆ ಮಾಡಿ ನೋಡಿತು. ಭವಿಷ್ಯ ಕಂಡ ಕುರುಹು ಸಿಗಲಿಲ್ಲ.