ಕೊಂಡ ಹಾಯುವುದು

ಕೊಂಡ ಹಾಯುವುದು ಎಂದರೆ ನಿಗಿನಿಗಿ ಹೊಳೆಯುವ ಕೆಂಡದ ಹಾಸಿನ ಮೇಲೆ ಬರಿಗಾಲಿನಲ್ಲಿ ನಡೆದು ದಾಟುವ ಧಾರ್ಮಿಕ ಆಚರಣೆ. ಇದಕ್ಕೆ ಕೆಂಡ ಹಾಯುವುದು, ಕೆಂಡಸೇವೆ, ಅಗ್ನಿಕೊಂಡ ಎಂಬ ಹೆಸರುಗಳೂ ಇವೆ. ‘ಕೊಂಡ’ ಎಂಬುದು ಸಂಸ್ಕೃತದ ‘ಕುಂಡ’ ಶಬ್ದದ ತದ್ಭವ. ಕರ್ನಾಟಕದ ಅನೇಕ ಗ್ರಾಮದೇವತೆಗಳ ಜಾತ್ರೆಗಳಲ್ಲಿ ಇದು ಮುಖ್ಯ ಸೇವೆಯಾಗಿದೆ.

ಆಚರಣೆಯ ಕ್ರಮ

ದೇವಾಲಯದ ಮುಂದೆ ಉದ್ದನೆಯ ಕುಣಿ ತೋಡಿ, ಅದರಲ್ಲಿ ಕಟ್ಟಿಗೆಯನ್ನು ಒಟ್ಟಿ ಉರಿಸಲಾಗುತ್ತದೆ. ಜ್ವಾಲೆ ಅಡಗಿದ ಬಳಿಕ ಕೆಂಡವನ್ನು ಸಮನಾಗಿ ಹರಡುತ್ತಾರೆ. ಕೊಂಡಕ್ಕೆ ಪೂಜೆ ಸಲ್ಲಿಸಿದ ಮೇಲೆ ಸಾಮಾನ್ಯವಾಗಿ ಅರ್ಚಕರು ಮೊದಲು ಹಾಯುತ್ತಾರೆ. ಉಪವಾಸವಿದ್ದು ಮಡಿಯುಟ್ಟ ಹರಕೆಯವರು ಅವರನ್ನು ಹಿಂಬಾಲಿಸುತ್ತಾರೆ. ರೋಗ ವಾಸಿಯಾಗಲಿ, ಸಂತಾನವಾಗಲಿ, ಮಳೆಬೆಳೆ ಚೆನ್ನಾಗಿರಲಿ ಎಂದು ಹರಕೆ ಹೊರುವುದು ವಾಡಿಕೆ.

ಪ್ರಾದೇಶಿಕ ರೂಪಗಳು

ಹಳೆಯ ಮೈಸೂರು ಭಾಗದಲ್ಲಿ ವೀರಭದ್ರ, ಮಾರಮ್ಮ ಮೊದಲಾದ ದೇವತೆಗಳಿಗೆ ಈ ಸೇವೆ ಸಲ್ಲುತ್ತದೆ. ದಕ್ಷಿಣ ಕನ್ನಡದ ಒತ್ತೆಕೋಲದಲ್ಲಿ ವಿಷ್ಣುಮೂರ್ತಿ ದೈವವು ಕೆಂಡದ ರಾಶಿಯ ಮೇಲೆ ಬೀಳುತ್ತದೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಂ ಸಂದರ್ಭದಲ್ಲಿ ಅಲಾಯಿ ಕುಣಿಯ ಸುತ್ತ ನಡೆಯುವ ಆಚರಣೆಗಳಲ್ಲಿಯೂ ಕೆಂಡ ಹಾಯುವ ರೂಢಿಯಿದ್ದು, ಹಿಂದೂ ಮುಸ್ಲಿಮರಿಬ್ಬರೂ ಪಾಲ್ಗೊಳ್ಳುತ್ತಾರೆ. ತಮಿಳುನಾಡಿನ ಬಣ್ಣಾರಿ ಅಮ್ಮನ ಕೊಂಡಕ್ಕೆ ಗಡಿಯಾಚೆಯ ಕನ್ನಡಿಗರೂ ಹೋಗುತ್ತಾರೆ.

ತಮಿಳರ ದ್ರೌಪದಿ ಆರಾಧನೆಗೆ ಸೇರಿದ ‘ತೀಮಿತಿ’ಯು ವಲಸಿಗರೊಂದಿಗೆ ಸಿಂಗಪುರ, ಮಾರಿಷಸ್, ಫಿಜಿ, ದಕ್ಷಿಣ ಆಫ್ರಿಕಗಳಿಗೆ ಹರಡಿತು. ಬಲ್ಗೇರಿಯದ ‘ನೆಸ್ಟಿನಾರ್ಸ್ಟ್ವೊ’ ಎಂಬ ಇಂತಹುದೇ ಆಚರಣೆಯನ್ನು ಯುನೆಸ್ಕೊ 2009ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಸ್ಪೇನಿನ ಸಾನ್ ಪೆದ್ರೊ ಮಾನ್ರಿಕೆ ಎಂಬ ಊರಿನಲ್ಲಿ ಜೂನ್ 23ರ ರಾತ್ರಿ ಜನರು ಇನ್ನೊಬ್ಬರನ್ನು ಬೆನ್ನ ಮೇಲೆ ಹೊತ್ತು ಕೆಂಡ ದಾಟುತ್ತಾರೆ.

ವೈಜ್ಞಾನಿಕ ವಿವರಣೆ

ಪಾದ ಸುಡದಿರುವುದು ದೇವರ ಕೃಪೆ, ಸುಟ್ಟರೆ ಅದು ಮಡಿ ಮೈಲಿಗೆಯ ದೋಷ ಎಂಬ ನಂಬಿಕೆ ವ್ಯಾಪಕವಾಗಿದೆ. ಭೌತವಿಜ್ಞಾನದ ವಿವರಣೆ ಬೇರೆ. ಕೆಂಪಗೆ ಹೊಳೆಯುವ ಕೆಂಡದ ಉಷ್ಣತೆ ಸುಮಾರು 500 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚಾಗಿರುತ್ತದೆ. ಆದರೆ ಇದ್ದಿಲು ಉಷ್ಣದ ದುರ್ಬಲ ವಾಹಕ. ಅದರ ಮೇಲೆ ಕವಿದ ಬೂದಿಯಂತೂ ಇನ್ನೂ ದುರ್ಬಲ ವಾಹಕ. ಒಂದು ಹೆಜ್ಜೆ ಕೆಂಡವನ್ನು ಸೋಕಿರುವುದು ಕ್ಷಣಮಾತ್ರ. ಅಷ್ಟರಲ್ಲಿ ಚರ್ಮವನ್ನು ಸುಡುವಷ್ಟು ಶಾಖ ಪಾದಕ್ಕೆ ಹರಿಯುವುದಿಲ್ಲ. ಅಷ್ಟೇ ಕಾದ ಕಬ್ಬಿಣದ ಹಂಚಿನ ಮೇಲೆ ಕಾಲಿಟ್ಟರೆ ತಕ್ಷಣವೇ ಸುಡುತ್ತದೆ.

ಇಂಗ್ಲೆಂಡಿನಲ್ಲಿ ಹ್ಯಾರಿ ಪ್ರೈಸ್ 1935ರಲ್ಲಿ ಖುದಾ ಬಕ್ಷ್ ಅವರನ್ನೂ 1937ರಲ್ಲಿ ಅಹ್ಮದ್ ಹುಸೇನ್ ಅವರನ್ನೂ ಕೆಂಡದ ಮೇಲೆ ನಡೆಸಿ ಪರೀಕ್ಷೆಗಳನ್ನು ಏರ್ಪಡಿಸಿದರು. ಇದ್ದಿಲಿನ ಕಡಿಮೆ ಉಷ್ಣವಾಹಕತೆ ಮತ್ತು ಅಲ್ಪಕಾಲದ ಸ್ಪರ್ಶವೇ ಕಾರಣವೆಂಬುದು ಅವುಗಳಿಂದ ಹೊರಟ ತೀರ್ಮಾನ. ಭಾರತದ ವಿಚಾರವಾದಿಗಳು ಯಾವುದೇ ವ್ರತವಿಲ್ಲದೆ ಕೆಂಡ ಹಾಯ್ದು ಇದನ್ನು ಸಾರ್ವಜನಿಕವಾಗಿ ತೋರಿಸಿದ್ದಾರೆ.

ಅಪಾಯಗಳು

ಮೇಲಿನ ವಿವರಣೆಯಿಂದ ಕೊಂಡ ನಿರಪಾಯಕರವೆಂದು ಅರ್ಥವಾಗದು. ನಡುವೆ ನಿಂತರೆ, ಕಾಲು ಕೆಂಡದಲ್ಲಿ ಹೂತರೆ ಅಥವಾ ಕೆಂಡದಲ್ಲಿ ಮೊಳೆಯಂತಹ ಲೋಹದ ಚೂರು ಉಳಿದಿದ್ದರೆ ಪಾದ ಸುಡುತ್ತದೆ. ಎಡವಿ ಬೀಳುವುದು ಎಲ್ಲಕ್ಕಿಂತ ಗಂಭೀರವಾದುದು. ಆಗ ಮೈಯ ಹೆಚ್ಚಿನ ಭಾಗ ಹೆಚ್ಚು ಹೊತ್ತು ಕೆಂಡಕ್ಕೆ ತಾಗುತ್ತದೆ. ಮಕ್ಕಳನ್ನು ಎತ್ತಿಕೊಂಡು ಹಾಯುವಾಗ ಈ ಅಪಾಯ ಇಬ್ಬರಿಗೂ ಇರುತ್ತದೆ. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಸುಟ್ಟದ್ದೇ ತಿಳಿಯದೆ ಹೋಗಬಹುದು. ಸುಟ್ಟ ಭಾಗವನ್ನು ಸುಮಾರು 20 ನಿಮಿಷ ಹರಿಯುವ ತಣ್ಣೀರಿನಲ್ಲಿ ಹಿಡಿದು ವೈದ್ಯರಿಗೆ ತೋರಿಸಬೇಕು. ಬೂದಿ ಅಥವಾ ಅರಿಶಿನ ಹಚ್ಚಬಾರದು.

ಕಾನೂನು

ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರವನ್ನು ತಡೆಯಲು ಕರ್ನಾಟಕವು 2017ರಲ್ಲಿ ರೂಪಿಸಿದ ಅಧಿನಿಯಮವು, ಜಾತ್ರೆ ಹಾಗೂ ಧಾರ್ಮಿಕ ಉತ್ಸವಗಳಲ್ಲಿ ಯಾರನ್ನಾದರೂ ಬಲವಂತದಿಂದ ಕೆಂಡ ಹಾಯಿಸುವುದನ್ನು ನಿಷೇಧಿಸುತ್ತದೆ.